ಸೆಪ್ಟೆಂಬರ್ ಕೊನೆಗೆ ಮ್ಯೂನಿಕ್‌ಗೆ ಬರುತ್ತಿದ್ದೇನೆ, ರೂಮ್ ಇನ್ನೂ ಸಿಕ್ಕಿಲ್ಲ. ಮೊದಲು ಏನು ಮಾಡಲಿ?

ಬೆಣ್ಣೆದೋಸೆ ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮ್ಯೂನಿಕ್‌ನಲ್ಲಿ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ. ಎಪಿಎಸ್ ಸರ್ಟಿಫಿಕೇಟ್ (ನಮ್ಮ ಪದವಿ, ಅಂಕಪಟ್ಟಿ ಅಸಲಿ ಅನ್ನುವ ಪತ್ರ), ಬ್ಲಾಕ್ಡ್ ಅಕೌಂಟ್ (ಖರ್ಚಿನ ದುಡ್ಡು ಮೊದಲೇ ಹಾಕಿಟ್ಟು ತಿಂಗಳಿಗೆ ಇಷ್ಟೇ ಅಂತ ತೆಗೆಯುವ ಖಾತೆ), ವೀಸಾ ಎಲ್ಲ ಆಯಿತು. ಇನ್ನೇನು ಉಸಿರು ಬಿಡಬಹುದು ಅನ್ನುವಷ್ಟರಲ್ಲಿ ರೂಮಿನ ತಲೆನೋವು ಶುರುವಾಗಿದೆ. ಹಾಸ್ಟೆಲ್‌ಗೆ ಅರ್ಜಿ ಹಾಕಿದರೆ ಕಾಯುವ ಪಟ್ಟಿಯಲ್ಲಿದ್ದೀರಿ ಅಂತ ಉತ್ತರ ಬಂತು. ರೂಮ್ ಹುಡುಕುವ ವೆಬ್‌ಸೈಟ್ ಡಬ್ಲ್ಯೂಜಿ-ಗೆಸುಖ್ಟ್‌ನಲ್ಲಿ ಮೆಸೇಜ್ ಹಾಕಿ ಹಾಕಿ ಸಾಕಾಗಿದೆ, ಯಾರೂ ಉತ್ತರವೇ ಕೊಡುವುದಿಲ್ಲ.

ಇಲ್ಲಿನ ಕನ್ಸಲ್ಟೆನ್ಸಿಯವರು ಒಂದು ಪ್ಯಾಕೇಜ್ ಇದೆ ಅನ್ನುತ್ತಿದ್ದಾರೆ. ಏರ್‌ಪೋರ್ಟ್‌ನಿಂದ ಕರೆದುಕೊಂಡು ಹೋಗುವುದು, ಸಿಮ್, ಒಂದು ತಿಂಗಳ ರೂಮ್ ಎಲ್ಲ ಸೇರಿಸಿ ಒಳ್ಳೆಯ ಮೊತ್ತ ಕೇಳುತ್ತಿದ್ದಾರೆ. ಅಪ್ಪ "ಹೋಗಲಿ ಕೊಟ್ಟುಬಿಡೋಣ" ಅನ್ನುತ್ತಾರೆ. ನನಗೆ ಮನಸ್ಸಿಲ್ಲ. ಅಲ್ಲಿರುವ ಅಣ್ಣ, ಅಕ್ಕಂದಿರು ಹೇಳಿ, ಬಂದ ಮೊದಲ ತಿಂಗಳು ಯಾವ ಕೆಲಸ ಮೊದಲು, ಯಾವುದು ಆಮೇಲೆ?

ಇಸಾರ್ ದಂಡೆ

ಪ್ಯಾಕೇಜ್ ಬೇಡ. ಏರ್‌ಪೋರ್ಟ್‌ನಿಂದ ಊರೊಳಗೆ ಎಸ್1, ಎಸ್8 ಎರಡು ರೈಲುಗಳಿವೆ. ಸಿಮ್ ಆಲ್ಡಿ ಸೂಪರ್ ಮಾರ್ಕೆಟ್‌ನಲ್ಲೂ ಸಿಗುತ್ತದೆ. ಅವರು ಮಾರುತ್ತಿರುವುದು ನಿಮ್ಮ ಅಪ್ಪನ ಆತಂಕವನ್ನು, ಅಷ್ಟೇ.

ಮೊದಲು ಒಂದು ಮಾತು ತಲೆಯಲ್ಲಿಟ್ಟುಕೊಳ್ಳಿ. ಜರ್ಮನಿಯಲ್ಲಿ ಎಲ್ಲವೂ ವಿಳಾಸಕ್ಕೆ ಗಂಟು ಬಿದ್ದಿರುತ್ತದೆ. ಮನೆಗೆ ಸೇರಿದ ಎರಡು ವಾರದೊಳಗೆ ಆ ವಿಳಾಸವನ್ನು ಊರಿನ ಕಚೇರಿಯಲ್ಲಿ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಮ್ಯೂನಿಕ್‌ನಲ್ಲಿ ಕೆವಿಆರ್ ಕಚೇರಿಗೆ ಹೋಗಬೇಕು. ದೊಡ್ಡದು ರುಪ್ಪೆರ್ಟ್‌ಸ್ಟ್ರಾಸೆಯಲ್ಲಿದೆ, ಪೊಚ್ಚಿಸ್ಟ್ರಾಸೆ ಮೆಟ್ರೋ ಸ್ಟೇಷನ್ ಪಕ್ಕ. ಪಾಸಿಂಗ್, ಒರ್ಲಿಯಾನ್ಸ್‌ಪ್ಲಾಟ್ಸ್ ಕಡೆಗೂ ಶಾಖೆಗಳಿವೆ, ಎಲ್ಲಿ ಅಪಾಯಿಂಟ್‌ಮೆಂಟ್ ಸಿಕ್ಕಿದರೂ ಸರಿ. ಪಾಸ್‌ಪೋರ್ಟ್ ಜೊತೆಗೆ ಮನೆ ಕೊಟ್ಟವರು ಸಹಿ ಹಾಕಿದ ಒಂದು ಹಾಳೆ ಬೇಕು, ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್ ಅಂತ. ಹೆಸರು ನೋಡಿ ಹೆದರಬೇಡಿ. "ಇವರು ಇಂಥ ತಾರೀಖಿನಿಂದ ನನ್ನ ಮನೆಯಲ್ಲಿದ್ದಾರೆ" ಅಂತ ಒಂದು ಪುಟ. ಬಾಡಿಗೆ ಕರಾರು ಕೈಯಲ್ಲಿದ್ದರೂ ಈ ಹಾಳೆ ಇಲ್ಲದೆ ಕೆಲಸ ಆಗುವುದಿಲ್ಲ.

ನೋಂದಣಿ ಆದ ಮೇಲೆ ಟ್ಯಾಕ್ಸ್ ನಂಬರ್ ತಾನಾಗಿ ಅಂಚೆಯಲ್ಲಿ ಬರುತ್ತದೆ, ಕೆಲವು ವಾರ ಬೇಕು. ಅದಿಲ್ಲದೆ ಪಾರ್ಟ್ ಟೈಮ್ ಕೆಲಸಕ್ಕೆ ಸೇರಿದರೆ ಸಂಬಳದಲ್ಲಿ ಜಾಸ್ತಿ ಹಿಡಿಯುತ್ತಾರೆ. ಬ್ಯಾಂಕ್‌ಗಳಲ್ಲಿ ಕೆಲವು ಪಾಸ್‌ಪೋರ್ಟ್ ನೋಡಿಯೇ ಖಾತೆ ತೆರೆಯುತ್ತವೆ, ಕೆಲವು ನೋಂದಣಿ ಪತ್ರ ಕೇಳುತ್ತವೆ. ಖಾತೆ ಆದರೆ ತಾನೇ ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ 992 ಯೂರೋ ಇಳಿಯಲು ಶುರುವಾಗುವುದು. ವೀಸಾ ಮುಗಿಯುವ ಮೊದಲು ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಬೇಕಲ್ಲ, ಅಲ್ಲೂ ಕೇಳುವುದು ಇದೇ ವಿಳಾಸ. ಆದ್ದರಿಂದ ರೂಮ್ ನೋಡುವಾಗ ಬಾಡಿಗೆ ಎಷ್ಟು ಅಂತ ಕೇಳುವ ಮೊದಲು ಆ ಹಾಳೆ ಕೊಡುತ್ತೀರಾ ಅಂತ ಕೇಳಿ.

ಇನ್ನೊಂದು. ಸೆಪ್ಟೆಂಬರ್ ಕೊನೆ ಅಂದರೆ ಇಲ್ಲಿನ ದೊಡ್ಡ ಬಿಯರ್ ಜಾತ್ರೆ ಅಕ್ಟೋಬರ್‌ಫೆಸ್ಟ್ ಜೋರಾಗಿ ನಡೆಯುತ್ತಿರುತ್ತದೆ. ಅಕ್ಟೋಬರ್ ಮೊದಲ ಭಾನುವಾರದವರೆಗೂ ಇರುತ್ತದೆ. ಆ ದಿನಗಳಲ್ಲಿ ಡಾರ್ಮಿಟರಿ ಹಾಸಿಗೆಗೂ ಹೋಟೆಲ್ ರೇಟು. ತಾತ್ಕಾಲಿಕ ಜಾಗ ಇಂದೇ ಬುಕ್ ಮಾಡಿ. ಪಾಠಗಳು ಅಕ್ಟೋಬರ್ ಮಧ್ಯದಲ್ಲಿ ಶುರುವಾಗುತ್ತವೆ. ಟಿಕೆಟ್ ಬದಲಾಯಿಸಲು ಆದರೆ ಒಂದು ವಾರ ತಡವಾಗಿ ಬಂದರೂ ನಷ್ಟವಿಲ್ಲ. ಆದರೆ ನಿಮ್ಮ ವಿಭಾಗದ ಓರಿಯಂಟೇಶನ್ ಯಾವಾಗ ಅಂತ ನೋಡಿಕೊಳ್ಳಿ.

ಹುಬ್ಬಳ್ಳಿ ಗಿರಮಿಟ್

ನಮಸ್ಕಾರ್ರಿ. ಅಕ್ಕಾವರು ಹೇಳಿದ್ದು ಖರೆ, ಆದರೆ ಪೂರ್ತಿ ಒಪ್ಪುವುದಿಲ್ಲ. ಮ್ಯೂನಿಕ್ ಅಂದರೆ ಜರ್ಮನಿಯಲ್ಲೇ ದುಬಾರಿ ಊರು. ಹಂಚಿಕೊಂಡ ಫ್ಲಾಟಿನಲ್ಲಿ ಒಂದು ರೂಮ್‌ಗೆ 700, 800 ಯೂರೋ ಹೇಳುತ್ತಾರೆ. ಹಾಳೆ ಕೊಟ್ಟರೆ ಮಾತ್ರ ಬರುತ್ತೇನೆ ಅಂತ ಊರಲ್ಲೇ ಕುಳಿತರೆ ಸೆಮಿಸ್ಟರ್ ಶುರುವಾಗಿಬಿಡುತ್ತದೆ. ಮೊದಲು ತಲೆ ಮೇಲೊಂದು ಸೂರು ಮಾಡಿಕೊಳ್ಳಿ. ಯಾರಾದರೂ ರಜೆಗೆ ಹೋಗುವಾಗ ಒಂದೆರಡು ತಿಂಗಳಿಗೆ ರೂಮ್ ಬಿಟ್ಟುಕೊಡುತ್ತಾರೆ, ಅದಕ್ಕೆ ಟ್ಸ್ವಿಶೆನ್‌ಮೀಟೆ ಅನ್ನುತ್ತಾರೆ. ಅದನ್ನು ಹಿಡಿಯಿರಿ. ಊರಲ್ಲಿದ್ದುಕೊಂಡು ಮೆಸೇಜ್ ಹಾಕುವವರಿಗೆ ಯಾರೂ ಉತ್ತರ ಕೊಡುವುದಿಲ್ಲ. ಇಲ್ಲಿಗೆ ಬಂದು "ನಾಳೆ ಸಂಜೆ ಬಂದು ನೋಡಬಹುದಾ" ಅಂದರೆ ಲೆಕ್ಕವೇ ಬೇರೆ.

ಮೆಸೇಜ್ ಬರೆಯುವ ರೀತಿಯನ್ನೂ ನೋಡಿಕೊಳ್ಳಿ. "ಡಿಯರ್ ಸರ್, ಐ ಆಮ್ ಇಂಟರೆಸ್ಟೆಡ್" ಅಂತ ಎಲ್ಲರಿಗೂ ಒಂದೇ ಕಳಿಸಿದರೆ ಓದದೆ ಅಳಿಸುತ್ತಾರೆ. ಜಾಹೀರಾತು ಪೂರ್ತಿ ಓದಿ, ಅದರಲ್ಲಿರುವ ಒಂದು ವಿಷಯ ಹಿಡಿದು ನಾಲ್ಕು ಸಾಲು ಜರ್ಮನ್‌ನಲ್ಲಿ ಬರೆಯಿರಿ. ಅನುವಾದದ ಆ್ಯಪ್ ಬಳಸಿದರೂ ಪರವಾಗಿಲ್ಲ, ಪ್ರಯತ್ನ ಮಾಡಿದ್ದಾನೆ ಅಂತ ಗೊತ್ತಾಗುತ್ತದೆ. ಅಡುಗೆ ಮಾಡುತ್ತೇನೆ ಅಂತ ಬರೆದರೆ ತುಂಬಾ ಕಡೆ ಬಾಗಿಲು ತೆರೆಯುತ್ತದೆ. ಜೊತೆಗೆ ಇರುವವರು ನಿಮ್ಮ ಮಾರ್ಕ್ಸ್ ಕಾರ್ಡ್ ನೋಡುವುದಿಲ್ಲರಿ, ರಾತ್ರಿ ಊಟದ ಟೇಬಲ್‌ನಲ್ಲಿ ನೀವು ಹೇಗಿರುತ್ತೀರಿ ಅಂತ ನೋಡುತ್ತಾರೆ.

ಇಸಾರ್ ದಂಡೆ

ತಾತ್ಕಾಲಿಕ ಜಾಗಕ್ಕೆ ನನ್ನ ತಕರಾರಿಲ್ಲ. ರೂಮ್ ಒಳಬಾಡಿಗೆಗೆ ಕೊಡುವ ಮೂಲ ಬಾಡಿಗೆದಾರರೂ ಆ ಹಾಳೆಗೆ ಸಹಿ ಹಾಕಬಹುದು, ತುಂಬಾ ಜನರಿಗೆ ಇದು ಗೊತ್ತಿಲ್ಲ. ನಾನು ಬೇಡ ಅನ್ನುವುದು ಬೇರೆ ಥರದ್ದು. ಒಂದು ಫ್ಲಾಟ್‌ನಲ್ಲಿ ಎಂಟು ಹುಡುಗರನ್ನು ತುಂಬಿಸಿ, "ಆರು ತಿಂಗಳು ಇರಿ, ನೋಂದಣಿ ಮಾತ್ರ ಇಲ್ಲ" ಅನ್ನುವ ನಮ್ಮವರೇ ಇದ್ದಾರೆ. ಅಲ್ಲಿ ಸಿಕ್ಕಿಕೊಂಡರೆ ಪರ್ಮಿಟ್ ಅರ್ಜಿಯೂ ನಿಂತುಹೋಗುತ್ತದೆ. ಹಾಗಂತ ದುಡ್ಡು ತೆಗೆದುಕೊಂಡು ಬರೀ ವಿಳಾಸ ಮಾರುವವರ ಹತ್ತಿರವೂ ಹೋಗಬೇಡಿ. ವಾಸ ಇಲ್ಲದ ಕಡೆ ನೋಂದಾಯಿಸುವುದು ಕಾನೂನಿಗೆ ವಿರುದ್ಧ, ದಂಡ ಬೀಳುತ್ತದೆ.

ಗಾರ್ಚಿಂಗ್ ಯು6

ಡಬ್ಲ್ಯೂಜಿ-ಗೆಸುಖ್ಟ್ ಬಗ್ಗೆ ಎಚ್ಚರಿಕೆ. ಊರ ನಡುವಿನ ಮರೀನ್‌ಪ್ಲಾಟ್ಸ್ ಪಕ್ಕ, ಪೂರ್ತಿ ಫರ್ನಿಚರ್ ಇರುವ ಫ್ಲಾಟ್, 450 ಯೂರೋ ಅಂತ ಕಂಡರೆ ಅದು ಸುಳ್ಳು. ಕಥೆ ಯಾವಾಗಲೂ ಒಂದೇ. ಮಾಲೀಕರು ಲಂಡನ್‌ನಲ್ಲೋ ಸ್ಪೇನ್‌ನಲ್ಲೋ ಇರುತ್ತಾರೆ. ಮನೆ ತೋರಿಸಲು ಬರಲು ಆಗುವುದಿಲ್ಲ. ಅಡ್ವಾನ್ಸ್ ಹಾಕಿದರೆ ಕೀ ಕೊರಿಯರ್ ಮಾಡುತ್ತಾರಂತೆ. ಈಗ ಹೊಸದಾಗಿ ಬುಕಿಂಗ್ ಸೈಟ್ ಥರ ಕಾಣುವ ನಕಲಿ ಲಿಂಕ್ ಕಳಿಸುತ್ತಾರೆ. ರೂಮನ್ನು ನೀವಾಗಲಿ, ನಿಮ್ಮ ಪರಿಚಯದವರಾಗಲಿ ಕಣ್ಣಾರೆ ನೋಡುವವರೆಗೆ ಒಂದು ಪೈಸೆ ಹಾಕಬೇಡಿ. ಪಾಸ್‌ಪೋರ್ಟ್ ಸ್ಕ್ಯಾನ್ ಕೂಡ ಕಳಿಸಬೇಡಿ, ಅದನ್ನು ಇಟ್ಟುಕೊಂಡು ನಿಮ್ಮ ಹೆಸರಿನಲ್ಲಿ ಮುಂದಿನವರಿಗೆ ಟೋಪಿ ಹಾಕುತ್ತಾರೆ.

ಬಾಡಿಗೆ ನೋಡುವಾಗ ಕಾಲ್ಟ್ ಅಂದರೆ ಬರೀ ಮನೆ. ವಾರ್ಮ್ ಅಂದರೆ ಹೀಟಿಂಗ್, ನೀರು, ಕಸ ಇತ್ಯಾದಿ ಸೇರಿ. ಕರೆಂಟು, ಇಂಟರ್ನೆಟ್ ಅದರಲ್ಲಿ ಇದೆಯಾ ಅಂತ ಕೇಳಿ, ತುಂಬಾ ಕಡೆ ಇರುವುದಿಲ್ಲ. ಡಿಪಾಸಿಟ್ ಮೂರು ತಿಂಗಳ ಕಾಲ್ಟ್ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗೆ ಇದೆ. ನಮ್ಮ ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೆನೆಸಿಕೊಂಡರೆ ಇಲ್ಲಿ ಸ್ವರ್ಗ.

ಸೇರುವ ದಿನವೇ ಗೋಡೆ, ನೆಲ, ಸಿಂಕ್, ಕಿಟಕಿ ಎಲ್ಲದರ ಫೋಟೋ ತೆಗೆದು ಮಾಲೀಕರಿಗೆ ಮೇಲ್ ಮಾಡಿ. ಬಿಡುವಾಗ ಡಿಪಾಸಿಟ್ ಜಗಳ ಅರ್ಧ ಕಡಿಮೆಯಾಗುತ್ತದೆ. ಚಳಿಗಾಲದಲ್ಲಿ ದಿನಕ್ಕೆ ಎರಡು ಮೂರು ಸಲ ಕಿಟಕಿ ಪೂರ್ತಿ ತೆಗೆದು ಐದು ನಿಮಿಷ ಗಾಳಿ ಬಿಡಬೇಕು. ಚಳಿ ಅಂತ ಮುಚ್ಚಿಟ್ಟು ಒಳಗೇ ಬಟ್ಟೆ ಒಣಗಿಸಿದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಆ ಖರ್ಚು ನಿಮ್ಮ ತಲೆಗೆ.

ಸರ್ಕಾರಿ ಹಾಸ್ಟೆಲ್ ಅಂದರೆ ಸ್ಟುಡೀರೆಂಡೆನ್‌ವೆರ್ಕ್ ಅನ್ನುವ ವಿದ್ಯಾರ್ಥಿ ಸೇವಾ ಸಂಸ್ಥೆಯದು. ಅರ್ಜಿ ಹಾಕಿದ್ದೀರಲ್ಲ, ಮರೆತುಬಿಡಿ. ಅಂದರೆ ಬಿಟ್ಟುಬಿಡಿ ಅಂತಲ್ಲ, ಸೆಮಿಸ್ಟರ್‌ಗಟ್ಟಲೆ ಕಾಯುವುದು ಇಲ್ಲಿ ಮಾಮೂಲು. ಫ್ರೈಮಾನ್ ಕಡೆ ಇರುವ ಅವರ ದೊಡ್ಡ ಹಾಸ್ಟೆಲ್ ಸಮೂಹ ಸ್ಟುಡೆಂಟೆನ್‌ಸ್ಟಾಟ್‌ನಲ್ಲಿ 2021ರ ಬೆಂಕಿ ಅವಘಡದ ನಂತರ ಎತ್ತರದ ಕೆಲವು ಕಟ್ಟಡಗಳು ದುರಸ್ತಿಗೆ ಅಂತ ಖಾಲಿಯಾದವು, ಕಾಯುವವರ ಸಾಲು ಇನ್ನೂ ಬೆಳೆಯಿತು. ಚರ್ಚ್ ಸಂಸ್ಥೆಗಳು ನಡೆಸುವ ಹಾಸ್ಟೆಲ್‌ಗಳಿಗೂ ಬರೆಯಿರಿ. ಬೇರೆ ಧರ್ಮದವರನ್ನು ಸೇರಿಸಿಕೊಳ್ಳುವ ಹಾಸ್ಟೆಲ್‌ಗಳು ಬೇಕಾದಷ್ಟಿವೆ.

ಕೊನೆಗೆ ಒಂದು ವಿಷಯ. ಗಾರ್ಚಿಂಗ್, ಫ್ರೈಸಿಂಗ್, ಡಾಕಾವ್ ಕಡೆ ಮನೆ ಸಿಕ್ಕಿದರೆ ಮ್ಯೂನಿಕ್ ಕೆವಿಆರ್‌ಗೆ ಹೋಗಬೇಡಿ. ಅವು ಬೇರೆ ಊರುಗಳು. ನೋಂದಣಿ ಆಯಾ ಊರಿನ ಪುರಸಭೆಯಲ್ಲಿ, ರೆಸಿಡೆನ್ಸ್ ಪರ್ಮಿಟ್ ಆ ಜಿಲ್ಲೆಯ ಲಾಂಡ್ರಾಟ್ಸಾಮ್ಟ್‌ನಲ್ಲಿ, ಅಂದರೆ ಜಿಲ್ಲಾ ಕಚೇರಿಯಲ್ಲಿ. ಎಷ್ಟೋ ಜನ ಕೆವಿಆರ್‌ನಲ್ಲಿ ಕಾದು ಕಾದು ಕೌಂಟರ್ ಮುಟ್ಟಿದ ಮೇಲೆ ವಾಪಸ್ ಬಂದಿದ್ದಾರೆ.

ಮಗಳ ಅಪ್ಪ, ಮೈಸೂರು

ನಮಸ್ಕಾರ. ನನ್ನ ಮಗಳೂ ಇದೇ ಅಕ್ಟೋಬರ್‌ಗೆ ಅಲ್ಲಿಗೆ ಬರುತ್ತಿದ್ದಾಳೆ. ಅವಳಿಗೆ ಇದನ್ನೆಲ್ಲ ಓದು ಅಂದರೆ "ನನಗೆ ಗೊತ್ತು ಬಿಡಪ್ಪ" ಅನ್ನುತ್ತಾಳೆ, ಅದಕ್ಕೆ ನಾನೇ ಕೇಳುತ್ತಿದ್ದೇನೆ. ಇವರಮ್ಮ ತುಪ್ಪ, ಚಟ್ನಿಪುಡಿ, ಹುಳಿಪುಡಿ, ಕೊಬ್ಬರಿ, ಕುಕ್ಕರ್, ಮಡಚುವ ಹಾಸಿಗೆ ಅಂತ ಪಟ್ಟಿ ಮಾಡುತ್ತಿದ್ದಾರೆ. ಯಾವುದು ತರಬೇಕು, ಯಾವುದು ಅಲ್ಲೇ ಸಿಗುತ್ತದೆ? ಇನ್ನು ಇನ್ಶೂರೆನ್ಸ್. ಏಜೆಂಟ್ ಒಬ್ಬರು ತಿಂಗಳಿಗೆ ಮೂವತ್ತು ಚಿಲ್ಲರೆ ಯೂರೋದ ಪಾಲಿಸಿ ಸಾಕು ಅನ್ನುತ್ತಾರೆ. ಹೌದೇ?

ಕುಡ್ಲದ ಬಂಗುಡೆ

ಅಂಕಲ್, ತುಪ್ಪ ಬಿಡಿ. ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ. ಧಾರವಾಡ ಪೇಡವೂ ಹಾಲಿನ ಪದಾರ್ಥವೇ. "ನಾವು ತಂದಿದ್ದೆವು, ಯಾರೂ ಕೇಳಲಿಲ್ಲ" ಅನ್ನುವವರು ಸಿಗುತ್ತಾರೆ. ಕೇಳಿದ ದಿನ ಕಸದ ಬುಟ್ಟಿಗೆ ಹೋಗುತ್ತದೆ. ಇಲ್ಲಿ ಉಪ್ಪಿಲ್ಲದ ಬೆಣ್ಣೆ ಒಳ್ಳೆಯದು ಸಿಗುತ್ತದೆ, ಮನೆಯಲ್ಲೇ ಕಾಯಿಸಿದರೆ ಘಮಘಮ ತುಪ್ಪ. ಹಸಿ ಕರಿಬೇವು, ಮಾವಿನಹಣ್ಣು ಕೂಡ ಬೇಡ. ಕೊಬ್ಬರಿ ಗಿಟುಕನ್ನು ಬ್ಯಾಗಲ್ಲಿ ಇಟ್ಟರೆ ಬೆಂಗಳೂರಿನಲ್ಲೇ ತೆಗೆಸುತ್ತಾರೆ, ಎಣ್ಣೆ ಅಂಶ ಜಾಸ್ತಿ, ಬೆಂಕಿ ಹಿಡಿಯುವ ಸಾಮಾನು ಅಂತ.

ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ ಕಣ್ಣುಮುಚ್ಚಿ ತನ್ನಿ. ಅಮ್ಮನ ಕೈಯ ಪುಡಿಯ ರುಚಿ ಯಾವ ಅಂಗಡಿಯಲ್ಲೂ ಇಲ್ಲ. ಅಕ್ಕಿ, ಬೇಳೆ, ರಾಗಿಹಿಟ್ಟು ತಂದು ತೂಕ ಹಾಳು ಮಾಡಬೇಡಿ. ಮುಖ್ಯ ರೈಲು ನಿಲ್ದಾಣ ಹಾಪ್ಟ್‌ಬಾನ್‌ಹೋಫ್‌ನ ದಕ್ಷಿಣಕ್ಕೆ ಗೋಯ್ಟೆಸ್ಟ್ರಾಸೆ, ಲಾಂಡ್‌ವೆರ್‌ಸ್ಟ್ರಾಸೆ ಸುತ್ತಮುತ್ತ ಟರ್ಕಿ, ಅರಬ್ ಅಂಗಡಿಗಳು ಸಾಲಾಗಿವೆ. ಕಡಲೆ, ಮಸೂರ್ ಬೇಳೆ, ಕೊತ್ತಂಬರಿ ಕಟ್ಟು, ಹಸಿಮೆಣಸು ಸೂಪರ್ ಮಾರ್ಕೆಟ್‌ಗಿಂತ ಅಗ್ಗ. ಭಾರತದ ಅಂಗಡಿಗಳಲ್ಲಿ ಸೋನಾಮಸೂರಿ, ತೊಗರಿಬೇಳೆ ಸಿಗುತ್ತದೆ. ಉಪ್ಪಿಟ್ಟಿನ ರವೆಗೆ ಹಾರ್ಟ್‌ವೈಟ್ಸೆನ್‌ಗ್ರೀಸ್ ಅಂತ ಬರೆದ ಪೊಟ್ಟಣ ನೋಡಿ, ಮಾಮೂಲಿ ಅಂಗಡಿಯಲ್ಲೇ ಇರುತ್ತದೆ. ಮೊಸರಿಗೆ ಟರ್ಕಿ ಅಂಗಡಿಯ ಹತ್ತು ಪರ್ಸೆಂಟ್ ಕೊಬ್ಬಿನದು, ಅದಕ್ಕೆ ಸಾಟಿಯಿಲ್ಲ.

ಕುಕ್ಕರ್ ತನ್ನಿ, ಆದರೆ ಇಂಡಕ್ಷನ್ ತಳ ಇರುವುದು. ಸೇರುವ ಮನೆಯಲ್ಲಿ ಯಾವ ಒಲೆ ಇರುತ್ತದೆ ಅಂತ ಹೇಳಲಾಗುವುದಿಲ್ಲ. ರಾತ್ರಿ ಹತ್ತರ ನಂತರ ಸೀಟಿ ಹೊಡೆಸಬೇಡಿ, ಹತ್ತರಿಂದ ಆರರವರೆಗೆ ಸದ್ದು ಮಾಡುವ ಹಾಗಿಲ್ಲ. ಭಾನುವಾರ ಹಗಲೂ ಹಾಗೆಯೇ, ಗೋಡೆಗೆ ಮೊಳೆ ಹೊಡೆದರೆ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ.

ಮೆಣಸಿನಕಾಯಿ ಒಗ್ಗರಣೆಗೆ ಸ್ಮೋಕ್ ಅಲಾರಾಂ ಕೂಗುವುದು ಇಲ್ಲಿ ಎಲ್ಲ ಕನ್ನಡಿಗರ ಮನೆಯ ಕಥೆ. ಹಾಸ್ಟೆಲ್‌ನಲ್ಲಾದರೆ ಕಿಟಕಿ ತೆಗೆಯಿರಿ, ಕಾರಿಡಾರ್ ಬಾಗಿಲು ಮಾತ್ರ ತೆಗೆಯಬೇಡಿ. ಹೊಗೆ ಅಲ್ಲಿಗೆ ಹೋದರೆ ಇಡೀ ಕಟ್ಟಡದ ಅಲಾರಾಂ ಹೊಡೆದು ಫೈರ್ ಎಂಜಿನ್ ಬರುತ್ತದೆ, ಬಿಲ್ ಕೂಡ ಬರಬಹುದು.

ಹಾಸಿಗೆ ಬೇಡವೇ ಬೇಡ. ದಪ್ಪ ಜಾಕೆಟ್ ಕೂಡ ಇಲ್ಲೇ ಕೊಳ್ಳಲಿ, ಬೆಂಗಳೂರಿನ ಚಳಿಗೆ ಹೊಲಿದದ್ದು ಇಲ್ಲಿಯ ಜನವರಿಗೆ ಸಾಲುವುದಿಲ್ಲ. ಕನ್ನಡಕ ಇದ್ದರೆ ಇನ್ನೊಂದು ಜೊತೆ ಮಾಡಿಸಿ ಕಳಿಸಿ, ಇಲ್ಲಿ ದುಬಾರಿ.

ಶಿರಸಿ ಅಪ್ಪೆಮಿಡಿ

ನಾನು ಇಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಇನ್ಶೂರೆನ್ಸ್ ಪ್ರಶ್ನೆಗೆ ನಾನು ಹೇಳುತ್ತೇನೆ ಅಂಕಲ್.

ಮೂವತ್ತು ಯೂರೋದ ಪಾಲಿಸಿ ಪ್ರಯಾಣಕ್ಕೆ, ಮೊದಲ ಕೆಲವು ವಾರಕ್ಕೆ ಸರಿ. ಓದಿಗೆ ಬೇಕಾದದ್ದು ಸಾರ್ವಜನಿಕ ಇನ್ಶೂರೆನ್ಸ್. ಟಿಕೆ, ಎಒಕೆ, ಬಾರ್ಮರ್, ಡಿಎಕೆ ಇವೆಲ್ಲ ಅದೇ ಸಾಲಿನವು. 30 ವರ್ಷದವರೆಗೆ ವಿದ್ಯಾರ್ಥಿ ದರ. ತಿಂಗಳಿಗೆ 140 ಯೂರೋ ದಾಟುತ್ತದೆ, ಹೌದು, ದುಡ್ಡೇ. ಆದರೆ ವಿದ್ಯಾರ್ಥಿಗೆ ಇದು ಬೇಡ, ಖಾಸಗಿ ಸಾಕು ಅಂತ ಒಮ್ಮೆ ಬರೆದುಕೊಟ್ಟರೆ ಆ ಓದು ಮುಗಿಯುವವರೆಗೂ ವಾಪಸ್ ಸೇರಲು ಆಗುವುದಿಲ್ಲ. ಅಗ್ಗದ ಪಾಲಿಸಿಗಳಲ್ಲಿ ಮೊದಲೇ ಇದ್ದ ಕಾಯಿಲೆ, ಹಲ್ಲು, ಮಾನಸಿಕ ಆರೋಗ್ಯ ಅಂತ ಬಿಟ್ಟಿರುವುದೇ ಜಾಸ್ತಿ. ಅಡ್ಮಿಷನ್‌ಗೂ ಸಾರ್ವಜನಿಕ ಸಂಸ್ಥೆಯಿಂದ ಯೂನಿವರ್ಸಿಟಿಗೆ ಒಂದು ಎಲೆಕ್ಟ್ರಾನಿಕ್ ಸಂದೇಶ ಹೋಗಬೇಕು. ಊರಿಂದಲೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು.

ಮಗಳು ದಿನಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೂರು ತಿಂಗಳಿಗೆ ಆಗುವಷ್ಟು, ಡಾಕ್ಟರ್ ಚೀಟಿ ಸಮೇತ ಕಳಿಸಿ. ಇಲ್ಲಿ ಪ್ಯಾರಾಸಿಟಮಾಲ್ ಕೂಡ ಔಷಧಿ ಅಂಗಡಿಯಲ್ಲೇ ಕೊಳ್ಳಬೇಕು, ಆ್ಯಂಟಿಬಯೋಟಿಕ್ ಅಂತೂ ಚೀಟಿಯಿಲ್ಲದೆ ಕೊಡುವುದೇ ಇಲ್ಲ. ಜ್ವರ ಬಂದಾಗ ಡಾಕ್ಟರ್ "ಮಲಗಿ, ಟೀ ಕುಡಿಯಿರಿ" ಅಂತ ಕಳಿಸಿದರೆ ನಿರ್ಲಕ್ಷ್ಯ ಅಂದುಕೊಳ್ಳಬೇಡಿ, ಇಲ್ಲಿನ ಪದ್ಧತಿಯೇ ಅದು.

ಮನೆ ಹತ್ತಿರ ಒಬ್ಬ ಸಾಮಾನ್ಯ ವೈದ್ಯರನ್ನು ಆರಾಮಾಗಿ ಇರುವಾಗಲೇ ಗುರುತು ಮಾಡಿಕೊಳ್ಳಿ. ರಾತ್ರಿ, ವಾರಾಂತ್ಯದಲ್ಲಿ ಹುಷಾರಿಲ್ಲದಿದ್ದರೆ 116117ಕ್ಕೆ ಫೋನ್ ಮಾಡಿ. ಜೀವಕ್ಕೆ ಅಪಾಯ ಅನ್ನಿಸಿದರೆ 112. ಪೊಲೀಸ್ 110. ಇದನ್ನು ಬರೆದು ಮಗಳ ಫೋನಿನಲ್ಲಿ ಸೇವ್ ಮಾಡಿಸಿ, ಅವಳು "ಗೊತ್ತು ಬಿಡಪ್ಪ" ಅಂದರೂ.

ಬೆಣ್ಣೆದೋಸೆ ದಾವಣಗೆರೆ

ತುಂಬಾ ಥ್ಯಾಂಕ್ಸ್. ಟಿಕೆಟ್ ಒಂದು ವಾರ ಮುಂದೂಡಿದೆ. ಇನ್ನೊಂದು ಪ್ರಶ್ನೆ, ಸ್ವಲ್ಪ ಸಂಕೋಚದಿಂದ ಕೇಳುತ್ತಿದ್ದೇನೆ. ಪಾರ್ಟ್ ಟೈಮ್ ಕೆಲಸದಲ್ಲಿ ಖರ್ಚು ತೂಗಿಸಬಹುದಾ? ನಮ್ಮ ಯೂನಿವರ್ಸಿಟಿ ಈಗ ಯುರೋಪಿನ ಹೊರಗಿನವರಿಗೆ ಫೀಸ್ ಬೇರೆ ಇಟ್ಟಿದೆ.

ಹುಬ್ಬಳ್ಳಿ ಗಿರಮಿಟ್

ಹಾಗಾದರೆ ಟಿಯುಎಂ, ಅಂದರೆ ಮ್ಯೂನಿಕ್ ಟೆಕ್ನಿಕಲ್ ಯೂನಿವರ್ಸಿಟಿ ಇರಬೇಕು. 2024-25ರ ಚಳಿಗಾಲದ ಸೆಮಿಸ್ಟರ್‌ನಿಂದ ಶುರು ಮಾಡಿದರು, ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000 ಅಥವಾ 6,000 ಯೂರೋ. ಸ್ಕಾಲರ್‌ಶಿಪ್, ಫೀಸ್ ಮಾಫಿ ಇವೆ, ವೆಬ್‌ಸೈಟ್‌ನಲ್ಲಿ ಕೊನೆಯ ತಾರೀಖು ನೋಡಿ.

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಊಟ, ರೂಮ್ ಖರ್ಚಿನ ಒಂದು ಭಾಗ ಪಾರ್ಟ್ ಟೈಮ್‌ನಲ್ಲಿ ಹೊರಡುತ್ತದೆ. ಫೀಸ್ ಹೊರಡುವುದಿಲ್ಲ. ಹೊರಡುತ್ತದೆ ಅಂತ ಹೇಳುವ ಕನ್ಸಲ್ಟೆನ್ಸಿಯನ್ನು ನಂಬಬೇಡಿ. ನಿಯಮ ಏನು ಅಂದರೆ ವರ್ಷಕ್ಕೆ 140 ಪೂರ್ತಿ ದಿನ ಇಲ್ಲವೇ 280 ಅರ್ಧ ದಿನ. ಪಾಠ ನಡೆಯುವಾಗ ವಾರಕ್ಕೆ 20 ಗಂಟೆ ದಾಟಿದರೆ ಇನ್ಶೂರೆನ್ಸ್‌ನ ವಿದ್ಯಾರ್ಥಿ ದರ ಕೈಬಿಟ್ಟು ಹೋಗಬಹುದು. ಯೂನಿವರ್ಸಿಟಿಯೊಳಗೇ ಪ್ರೊಫೆಸರ್ ಹತ್ತಿರ ಸಹಾಯಕರಾಗಿ ಸೇರಿದರೆ, ಅದನ್ನು ಹಿವಿ ಅನ್ನುತ್ತಾರೆ, ಆ ದಿನಗಳು 140ರ ಲೆಕ್ಕಕ್ಕೆ ಬರುವುದಿಲ್ಲ. ಜರ್ಮನ್ ಬರದಿದ್ದರೂ ನಡೆಯುತ್ತದೆ. ಮೊದಲ ತಿಂಗಳಿನಿಂದಲೇ ವಿಭಾಗದ ನೋಟಿಸ್ ಬೋರ್ಡ್ ನೋಡುತ್ತಿರಿ.

ಡೆಲಿವರಿ, ಗೋಡೌನ್ ಕೆಲಸ ಮಾಡುವವರು ಬಹಳ ಮಂದಿ. ಮರ್ಯಾದೆಯ ಕೆಲಸವೇ, ಅದರಲ್ಲಿ ಏನೂ ಇಲ್ಲ. ಆದರೆ ರಾತ್ರಿ ಪಾಳಿ ಮಾಡಿ ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಸಿದರೆ ಸೆಮಿಸ್ಟರ್ ಜಾಸ್ತಿಯಾಗುತ್ತದೆ. ಒಂದು ಸೆಮಿಸ್ಟರ್ ಜಾಸ್ತಿಯಾದರೆ ಆರು ತಿಂಗಳ ಬಾಡಿಗೆ ಜಾಸ್ತಿ, ಫೀಸ್ ಜಾಸ್ತಿ. ಗಳಿಸಿದ್ದೆಲ್ಲ ಅಲ್ಲಿಗೇ ಹೋಯಿತು.

ಗಾರ್ಚಿಂಗ್ ಯು6

ಚೂರುಪಾರು ವಿಷಯಗಳು, ನೆನಪಾದ ಹಾಗೆ.

ಪೋಸ್ಟ್ ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸಿ, ಮೊದಲ ದಿನವೇ. ಹೆಸರಿಲ್ಲದಿದ್ದರೆ ಕಾಗದ ವಾಪಸ್. ಬ್ಯಾಂಕಿನ ಪಿನ್, ಟ್ಯಾಕ್ಸ್ ನಂಬರ್ ಎಲ್ಲ ಇನ್ನೂ ಕಾಗದದಲ್ಲೇ ಬರುವ ದೇಶ ಇದು.

ನೋಂದಣಿ ಆದ ಮೇಲೆ ರೇಡಿಯೋ, ಟಿವಿ ಶುಲ್ಕದ ಕಾಗದ ಬರುತ್ತದೆ. ತಿಂಗಳಿಗೆ 18.36 ಯೂರೋ. ಟಿವಿ ಇಲ್ಲ ಅಂದರೂ ಬಿಡುವುದಿಲ್ಲ. ಆದರೆ ಒಂದು ಫ್ಲಾಟ್‌ಗೆ ಒಂದೇ ಶುಲ್ಕ. ಜೊತೆಗಿರುವವರು ಕಟ್ಟುತ್ತಿದ್ದರೆ ಅವರ ನಂಬರ್ ಬರೆದು ಉತ್ತರಿಸಿ, ಪಾಲು ಹಂಚಿಕೊಳ್ಳಿ. ಕಾಗದವನ್ನು ಮಾತ್ರ ಎತ್ತಿ ಮೂಲೆಗೆ ಹಾಕಬೇಡಿ, ದಂಡದ ಸಮೇತ ಬೆಳೆಯುತ್ತದೆ.

ಟೊರೆಂಟ್‌ನಲ್ಲಿ ಸಿನಿಮಾ ಇಳಿಸಬೇಡಿ. ಇದನ್ನು ದಪ್ಪಕ್ಷರದಲ್ಲಿ ಓದಿಕೊಳ್ಳಿ. ವಕೀಲರಿಂದ ನೂರಾರು ಯೂರೋದ ನೋಟಿಸ್ ಬರುತ್ತದೆ, ಅದೂ ಇಂಟರ್ನೆಟ್ ಯಾರ ಹೆಸರಿನಲ್ಲಿದೆಯೋ ಅವರಿಗೆ. ರೂಮ್‌ಮೇಟ್ ಜೊತೆ ಸ್ನೇಹವೂ ಅಲ್ಲಿಗೆ ಮುಗಿಯಿತು.

ಹಾಫ್ಟ್‌ಫ್ಲಿಖ್ಟ್ ಅನ್ನುವ ಇನ್ಶೂರೆನ್ಸ್ ಮಾಡಿಸಿ. ನಮ್ಮಿಂದ ಬೇರೆಯವರಿಗೆ ಆದ ನಷ್ಟ ತುಂಬಿಕೊಡುತ್ತದೆ. ವರ್ಷಕ್ಕೆ ಐವತ್ತು ಯೂರೋ ಆಸುಪಾಸು. ಕೀ ಕಳೆದರೂ ಕವರ್ ಆಗುವಂಥದ್ದು ನೋಡಿ. ಇಲ್ಲಿ ಕೆಲವು ಕಟ್ಟಡಗಳಲ್ಲಿ ಒಂದು ಕೀ ಕಳೆದರೆ ಎಲ್ಲ ಬೀಗ ಬದಲಾಯಿಸಿ ಬಿಲ್ ನಿಮಗೆ ಕೊಡುತ್ತಾರೆ. ಬಾಗಿಲು ಹಿಂದಿನಿಂದ ತಾನೇ ಲಾಕ್ ಆಗುತ್ತದೆ. ಕಸ ಹಾಕಲು ಹೋಗುವಾಗಲೂ ಕೀ ಜೇಬಿನಲ್ಲಿರಲಿ.

ಪ್ಲಾಸ್ಟಿಕ್ ಬಾಟಲಿ, ಕ್ಯಾನ್ ಎಸೆಯಬೇಡಿ. ತಲಾ 25 ಸೆಂಟ್ ವಾಪಸ್ ಸಿಗುತ್ತದೆ, ಸೂಪರ್ ಮಾರ್ಕೆಟ್‌ನಲ್ಲಿ ಮೆಷಿನ್ ಇದೆ. ಅಂಗಡಿಗಳು ನಮ್ಮ ಈ ಬವೇರಿಯಾ ರಾಜ್ಯದಲ್ಲಿ ರಾತ್ರಿ ಎಂಟಕ್ಕೆ ಬಾಗಿಲು ಹಾಕುತ್ತವೆ, ಭಾನುವಾರ ಪೂರ್ತಿ ಬಂದ್. ಶನಿವಾರ ಸಂಜೆ ಹಾಲು ಮರೆತರೆ ಹಾಪ್ಟ್‌ಬಾನ್‌ಹೋಫ್ ಒಳಗಿನ ಅಂಗಡಿಯೇ ಗತಿ.

ಇಸಾರ್ ದಂಡೆ

ಡಿಸೆಂಬರ್ ರಜೆಗೆ ಊರಿಗೆ ಟಿಕೆಟ್ ಮಾಡುವವರಿಗೆ ಒಂದು ಮಾತು. ವೀಸಾ ಮುಗಿದು ರೆಸಿಡೆನ್ಸ್ ಪರ್ಮಿಟ್ ಕಾರ್ಡ್ ಇನ್ನೂ ಬಂದಿರದಿದ್ದರೆ ಮಧ್ಯಂತರ ಪತ್ರ ಕೇಳಿ ಪಡೆಯಬೇಕು. ಅದರಲ್ಲಿ ಯಾವ ಖಾನೆಗೆ ಗುರುತು ಹಾಕಿದ್ದಾರೆ ಅನ್ನುವುದರ ಮೇಲೆ ವಾಪಸ್ ಬರಬಹುದೋ ಇಲ್ಲವೋ ಅನ್ನುವುದು ನಿಂತಿದೆ. ಹೊರಡುವ ಮೊದಲು ಕಚೇರಿಗೇ ಬರೆದು ಉತ್ತರ ಪಡೆಯಿರಿ. ವಾಟ್ಸ್ಆ್ಯಪ್ ಗುಂಪಿನ ಮಾತು ನಂಬಿ ವಿಮಾನ ಹತ್ತಬೇಡಿ.

ಕುಡ್ಲದ ಬಂಗುಡೆ

ನವೆಂಬರ್ ಬಗ್ಗೆ ಯಾರೂ ಹೇಳಲಿಲ್ಲ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಆಮೇಲೆ ಸಂಜೆ ಐದಕ್ಕೆ ಕತ್ತಲು, ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ. ನಮ್ಮ ಕಡೆಯ ಮಳೆಗಾಲದಲ್ಲಿ ಬೆಳೆದವಳಿಗೂ ಇದು ಕಷ್ಟವೇ. ರೂಮಿನಲ್ಲಿ ಒಬ್ಬರೇ ಕುಳಿತುಕೊಳ್ಳಬೇಡಿ. ಮ್ಯೂನಿಕ್‌ನಲ್ಲಿ ಸಿರಿಗನ್ನಡಕೂಟ ಇದೆ, ಹಬ್ಬಕ್ಕೆ ಹೋದರೆ ನಾಲ್ಕು ಮನೆ ಪರಿಚಯವಾಗುತ್ತದೆ. ರೂಮ್ ಖಾಲಿಯಾದ ಸುದ್ದಿ ಜಾಹೀರಾತಿಗೆ ಮೊದಲು ಅಲ್ಲೇ ಸಿಗುತ್ತದೆ.

ಹುಬ್ಬಳ್ಳಿ ಗಿರಮಿಟ್

ಕೂಟಕ್ಕೆ ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಬರೀ ನಮ್ಮವರ ಜೊತೆಗೇ ಇದ್ದು ಎರಡು ವರ್ಷ ಕಳೆದು, ಕೆಲಸ ಹುಡುಕುವಾಗ "ಜರ್ಮನ್ ಬಿ1 ಮಟ್ಟ ಕೇಳುತ್ತಾರಲ್ಲ" ಅಂತ ಅಳುವವರನ್ನು ನೋಡಿದ್ದೇನೆ. ಯೂನಿವರ್ಸಿಟಿಯ ಭಾಷಾ ಕೇಂದ್ರದ ಕೋರ್ಸಿಗೆ ಮೊದಲ ಸೆಮಿಸ್ಟರ್‌ನಲ್ಲೇ ಸೇರಿ, ಸೀಟು ಬೇಗ ತುಂಬುತ್ತದೆ. ಆಮೇಲೆ ಥೀಸಿಸ್ ಬಂದರೆ ಯಾರಿಗೂ ಪುರುಸೊತ್ತಿಲ್ಲ.

ಕುಡ್ಲದ ಬಂಗುಡೆ

ಎರಡೂ ಮಾಡಬಹುದು ಮಾರಾಯ್ರೆ. ಜರ್ಮನ್ ಕಲಿಯಲು ಹೋಳಿಗೆ ಬಿಡಬೇಕು ಅಂತ ಎಲ್ಲಿದೆ?

ಬೆಣ್ಣೆದೋಸೆ ದಾವಣಗೆರೆ

ಕೊನೆಗೂ ಎರಡು ಆಯ್ಕೆ ಬಂದಿವೆ! ಒಂದು, ಮ್ಯೂನಿಕ್ ಒಳಗೆ ಹುಡುಗರ ಫ್ಲಾಟ್, ರೂಮ್ ಹಂಚಿಕೊಳ್ಳಬೇಕು, 420 ಯೂರೋ, ನೋಂದಣಿ "ಆಮೇಲೆ ನೋಡೋಣ" ಅನ್ನುತ್ತಾರೆ. ಇನ್ನೊಂದು, ಫ್ರೈಸಿಂಗ್‌ನಲ್ಲಿ ವಯಸ್ಸಾದ ದಂಪತಿಯ ಮನೆಯ ಮೇಲಿನ ರೂಮ್, 560 ವಾರ್ಮ್, ಹಾಳೆ ಮೊದಲ ದಿನವೇ ಕೊಡುತ್ತಾರೆ. ವಿಡಿಯೋ ಕಾಲ್‌ನಲ್ಲಿ ಮನೆ ತೋರಿಸಿದರು, ಅಲ್ಲಿ ಓದುವ ನಮ್ಮ ಸೀನಿಯರ್ ಒಬ್ಬರು ಹೋಗಿ ನೋಡಿಯೂ ಬಂದರು. ಕ್ಲಾಸು ಮ್ಯೂನಿಕ್ ಮಧ್ಯದಲ್ಲಿ. ದೂರ ಆಗುತ್ತದಾ?

ಇಸಾರ್ ದಂಡೆ

ಫ್ರೈಸಿಂಗ್. ಯೋಚನೆಯೇ ಬೇಡ. "ಆಮೇಲೆ ನೋಡೋಣ" ಅಂದರೆ ಇಲ್ಲ ಅಂತಲೇ ಅರ್ಥ.

ಗಾರ್ಚಿಂಗ್ ಯು6

ಎಸ್1ನಲ್ಲಿ ಹಾಪ್ಟ್‌ಬಾನ್‌ಹೋಫ್‌ಗೆ ಮುಕ್ಕಾಲು ಗಂಟೆ ಹತ್ತಿರ. ಪ್ರಾದೇಶಿಕ ರೈಲು ಸಿಕ್ಕಿದರೆ ಅರ್ಧ ಗಂಟೆಯೊಳಗೆ. ಡಾಯ್ಚ್‌ಲಾಂಡ್‌ಟಿಕೆಟ್ ಅನ್ನುವ ತಿಂಗಳ ಪಾಸ್ ಎರಡಕ್ಕೂ ನಡೆಯುತ್ತದೆ. ಪೂರ್ತಿ ದರ 2026ರಲ್ಲಿ 63 ಯೂರೋ, ಬವೇರಿಯಾದ ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆ, ಅದನ್ನೇ ತೆಗೆದುಕೊಳ್ಳಿ. ತಿಂಗಳು ತಿಂಗಳು ತಾನಾಗಿ ಮುಂದುವರಿಯುತ್ತದೆ, ನಿಲ್ಲಿಸಬೇಕಾದರೆ 10ನೇ ತಾರೀಖಿನೊಳಗೆ ಹೇಳಬೇಕು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ 60 ಯೂರೋ.

ಒಂದು ಎಚ್ಚರ ಇರಲಿ. ಎಸ್1 ರೈಲು ನಾಯ್‌ಫಾರ್ನ್ ಸ್ಟೇಷನ್‌ನಲ್ಲಿ ಎರಡು ತುಂಡಾಗುತ್ತದೆ. ಒಂದು ಭಾಗ ಫ್ರೈಸಿಂಗ್‌ಗೆ, ಇನ್ನೊಂದು ಏರ್‌ಪೋರ್ಟ್‌ಗೆ. ಹತ್ತುವಾಗ ಬೋಗಿಯ ಬೋರ್ಡ್ ನೋಡಿ. ತಪ್ಪು ಭಾಗದಲ್ಲಿ ಕುಳಿತಿದ್ದರೆ ನಾಯ್‌ಫಾರ್ನ್‌ನಲ್ಲಿ ಇಳಿದು ಬದಲಾಯಿಸಿಕೊಳ್ಳಲು ಒಂದೆರಡು ನಿಮಿಷ ಸಿಗುತ್ತದೆ.

ಮಗಳ ಅಪ್ಪ, ಮೈಸೂರು

ಆ ದಂಪತಿಯ ಮನೆಯಲ್ಲಿ ಇನ್ನೊಂದು ರೂಮ್ ಇದೆಯಾ, ಕೇಳಿ ಹೇಳುತ್ತೀರಾ?